ಶಿಖರದ ದೇಗುಲ, ತಪ್ಪಲಿನ ಜಗಳ

ಕಾಂಬೋಡಿಯಾ ಎಂದೊಡನೆ ನಮಗೆ ನೆನಪಾಗುವುದು ಅಂಗ್ಕೋರ್ ವಾಟ್. ಆದರೆ ಅಲ್ಲಿನ ಡಾಂಗ್ರೆಕ್ ಬೆಟ್ಟಸಾಲಿನ ತುದಿಯಲ್ಲಿರುವ ಪ್ರೇಹ್ ವಿಹಾರ್ ಅದಕ್ಕಿಂತ ಹಳೆಯದು. ಶಿಖರೇಶ್ವರನೆಂಬ ಶಿವನಿಗೆ ಮೀಸಲಾದ ಈ ದೇಗುಲದ ಬಹುಭಾಗ 11ನೇ ಶತಮಾನದಲ್ಲಿ, ಒಂದನೇ ಸೂರ್ಯವರ್ಮನ ಕಾಲದಲ್ಲಿ ರೂಪುಗೊಂಡಿತು. ಮುಂದೆ ಬೌದ್ಧರೂ ಇಲ್ಲಿ ಆರಾಧಿಸಿದರು.

ಖ್ಮೇರ್ ದೇಗುಲಗಳು ಸಾಮಾನ್ಯವಾಗಿ ಪೂರ್ವಾಭಿಮುಖ. ಇದು ಬೆಟ್ಟದ ಇಳಿಜಾರನ್ನೇ ಅನುಸರಿಸಿ ಉತ್ತರಕ್ಕೆ ಮುಖ ಮಾಡಿದೆ. ಸುಮಾರು 800 ಮೀಟರ್ ಉದ್ದಕ್ಕೆ ಮೆಟ್ಟಿಲು, ಕಲ್ಲುಹಾದಿ ಹಾಗೂ ಐದು ಗೋಪುರಗಳನ್ನು ದಾಟಿದರೆ ಗರ್ಭಗುಡಿ. ಅದರ ಬೆನ್ನಿಗೆ ಕಡಿದಾದ ಪ್ರಪಾತ.

ಈ ರಚನೆಯೇ ಮುಂದೆ ತೊಡಕಾಯಿತು. ಮೆಟ್ಟಿಲುಗಳು ಇಳಿಯುವುದು ಇಂದಿನ ಥಾಯ್ಲೆಂಡಿನ ಕಡೆಗೆ, ಪ್ರಪಾತದ ಕೆಳಗಿರುವುದು ಕಾಂಬೋಡಿಯಾದ ಬಯಲು. ಫ್ರೆಂಚರ ಆಳ್ವಿಕೆಯಲ್ಲಿ 1907ರಲ್ಲಿ ತಯಾರಾದ ನಕ್ಷೆ ದೇಗುಲವನ್ನು ಕಾಂಬೋಡಿಯಾಕ್ಕೆ ಸೇರಿಸಿತ್ತು. 1962ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಬೆನ್ನಲ್ಲೇ ಗಡಿಯಲ್ಲಿ ಗುಂಡಿನ ಸದ್ದು ಕೇಳಿಬಂತು. 2011ರಲ್ಲೂ 2025ರಲ್ಲೂ ಜನ ಸತ್ತರು.

ಕಟ್ಟಿದವರಿಗೆ ಈ ಗಡಿ ಗೊತ್ತೇ ಇರಲಿಲ್ಲ. ಗತದ ಕಲ್ಲುಗಳನ್ನು ಇಂದಿನ ಹಗೆಗೆ ಸಾಕ್ಷಿಯಾಗಿ ನಿಲ್ಲಿಸುವಾಗ ನಾವು ಕಳೆದುಕೊಳ್ಳುವುದು ಬರೀ ಕಲ್ಲನ್ನಲ್ಲ, ತಪ್ಪಲಿನಲ್ಲಿ ಬದುಕುವ ಮನುಷ್ಯರನ್ನು.