ಗುಳೇದಗುಡ್ಡದ ಸಭೆ ಮತ್ತು ದೈವಾಜ್ಞಾಪಾಲನೆ: ಒಂದು ಚಾರಿತ್ರಿಕ ವಿವೇಚನೆ

ದೇವರ ಚಿತ್ತಕ್ಕೆ ತನ್ನ ಚಿತ್ತವನ್ನು ಒಪ್ಪಿಸುವುದು ಕ್ರೈಸ್ತಧರ್ಮದ ಮೂಲತತ್ತ್ವಗಳಲ್ಲೊಂದೆಂಬುದು ಸರ್ವವಿದಿತವಾದರೂ, ಆ ತತ್ತ್ವವು ದೇವಾಲಯದ ವೇದಿಕೆಯಿಂದಿಳಿದು ಮಗ್ಗದ ಕುಣಿಗೆ, ಸಾಹುಕಾರನ ವಹಿಗೆ, ಮಗಳ ಮದುವೆಯ ಮಾತುಕತೆಗೆ ಬಂದಾಗ ಯಾವ ರೂಪವನ್ನು ತಾಳಿತೆಂಬ ಪ್ರಶ್ನೆಯನ್ನು ನಮ್ಮಲ್ಲಿ ಯಥೋಚಿತವಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಆ ವಿಚಾರಣೆಗೆ ಇಂದಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವು ಅತ್ಯಂತ ಯೋಗ್ಯವಾದ ಕ್ಷೇತ್ರವೆಂದು ನನ್ನ ಭಾವನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ ತರುವಾಯ ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ನೆಲೆಯೂರಿ, 1851ರಲ್ಲಿ, ಮುಂದೆ ಕಲಾದಗಿ ಜಿಲ್ಲೆಗೆ ಒಳಪಟ್ಟ ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಕೇಂದ್ರವೊಂದನ್ನು ತೆರೆಯಿತು. ಈ ಮಿಶನರಿಗಳಲ್ಲಿ ಬಹುಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದಲ್ಲಿ ಬೆಳೆದವರು. ವಿಶ್ವಾಸದ ಸತ್ಯವು ತರ್ಕದಿಂದಲ್ಲ, ದಿನಚರಿಯ ಶುದ್ಧಿಯಿಂದಲೇ ಪರೀಕ್ಷಿಸಲ್ಪಡತಕ್ಕದ್ದೆಂಬುದು ಅವರ ದೃಢನಿಶ್ಚಯ. ಆದುದರಿಂದ ದೀಕ್ಷಾಸ್ನಾನ ಪಡೆದವನ ಬಾಳು ಬೆಳಗಿನ ಪ್ರಾರ್ಥನೆಯಿಂದ ರಾತ್ರಿಯ ವೇದಪಠನದವರೆಗೆ ಒಂದು ಕಟ್ಟಳೆಗೆ ಒಳಪಟ್ಟಿತು: ಮದ್ಯಪಾನ ನಿಷಿದ್ಧ, ವಿಗ್ರಹೋತ್ಸವಗಳಲ್ಲಿ ಭಾಗವಹಿಸುವುದು ನಿಷಿದ್ಧ, ಸಭೆಯೊಳಗೆ ಜಾತಿಭೇದ ನಿಷಿದ್ಧ, ತಪ್ಪಿದವನನ್ನು ಪ್ರಭುಭೋಜನದಿಂದ ದೂರವಿರಿಸಿ, ಪಶ್ಚಾತ್ತಾಪವನ್ನು ಒಪ್ಪಿಕೊಂಡ ಮೇಲೆ ಮರಳಿ ಸೇರಿಸಿಕೊಳ್ಳುವುದು ರೂಢಿ.

ಆದರೆ ಈ ಬೀಜವು ಬಿದ್ದ ನೆಲವು ಬಂಜರಾಗಿರಲಿಲ್ಲ. ಅದೇ ಸೀಮೆಯ ಹುನಗುಂದ ತಾಲೂಕಿನಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ, ಬಸವಣ್ಣನವರು ತಮ್ಮ ವಚನಗಳ ಅಂಕಿತದಲ್ಲಿ ನೆನೆದ ಕೂಡಲಸಂಗಮವಿದೆ. ಒಡೆಯನಿಗೆ ತನು ಮನ ಧನಗಳನ್ನೊಪ್ಪಿಸಿ ಕಾಯಕದಲ್ಲಿ ನಿಲ್ಲತಕ್ಕದ್ದೆಂಬ ಭಾವವು ಇಲ್ಲಿಯ ಜನರಿಗೆ ಏಳು ಶತಮಾನಗಳ ಪರಿಚಯದ್ದು. ಮುಂದೊದಗುವ ಧರ್ಮರಾಜ್ಯದ ವಿಷಯವನ್ನು ಸಾರುವ ಕಾಲಜ್ಞಾನಗಳನ್ನು ನಂಬಿದ್ದವರು ಕೆಲವರು 1840ರ ಸುಮಾರಿಗೆ ಮಿಶನರಿಗಳ ಬಳಿಗೆ ಬಂದುದೂ, ಅವರಿಗಾಗಿ ಬೆಟಗೇರಿಯ ಸಮೀಪ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯನ್ನು ಏರ್ಪಡಿಸಿದುದೂ, ಆ ಪ್ರಯತ್ನವು ನಿರೀಕ್ಷಿಸಿದಂತೆ ಫಲಿಸದೆ ಹೋದುದೂ ಇದೇ ಹಿನ್ನೆಲೆಗೆ ಸೇರಿದ ಸಂಗತಿಗಳು. ಶರಣಾಗತಿಯನ್ನು ಜರ್ಮನರು ಇಲ್ಲಿಗೆ ತಂದರೆಂಬ ಮಾತು ಅರ್ಧಸತ್ಯವೆಂದೇ ಹೇಳಬೇಕಾಗುತ್ತದೆ. ಅವರು ತಂದದ್ದು ಶರಣಾಗತಿಗೆ ವಾರದ ದಿನಗಳನ್ನೂ ಹಿರಿಯರ ಸಭೆಯನ್ನೂ ಶಿಕ್ಷೆಯ ಕ್ರಮವನ್ನೂ ನಿಶ್ಚಯಿಸಿದ ಒಂದು ವ್ಯವಸ್ಥೆಯನ್ನು.

ಆ ವ್ಯವಸ್ಥೆಯ ತೂಕವನ್ನು ಅರಿಯಬೇಕಾದರೆ ನೇಕಾರನ ಮನೆಯೊಳಗೆ ಇಣಿಕಬೇಕು. ಗುಳೇದಗುಡ್ಡವು ಖಣದ ಊರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನು ಕಾಲಿನಿಂದ ಹಲಗೆಯನ್ನೊತ್ತುತ್ತ, ಹಾಸಿನ ಎಳೆಗಳ ನಡುವೆ ಲಾಳಿಯನ್ನು ಹಾಯಿಸುತ್ತ, ಕುಬಸದ ಬಟ್ಟೆಯನ್ನು ಅಂಗುಲ ಅಂಗುಲವಾಗಿ ನೆಯ್ಯುವಾಗ ಮನೆಯ ಹೆಂಗಸರು ಕಂಡಿಕೆ ಸುತ್ತುವರು. ನೂಲು ಹಲವೇಳೆ ಸಾಹುಕಾರನದು, ಮುಂಗಡವೂ ಅವನದು, ನೆಯ್ದಷ್ಟಕ್ಕೇ ಕೂಲಿ. ಇಂತಹ ಮನೆಯಲ್ಲಿ ಆದಿತ್ಯವಾರ ಮಗ್ಗವನ್ನು ಮುಟ್ಟಕೂಡದೆಂಬ ವಿಧಿಯು ಬಂದಿತೆಂದರೆ, ಅದು ಬರಿಯ ಆಚಾರವಾಗಿ ಉಳಿಯದೆ ತಿಂಗಳಿಗೆ ನಾಲ್ಕೈದು ದಿನಗಳ ಅನ್ನದ ಪ್ರಶ್ನೆಯಾಗುತ್ತಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ನಾಡು ಇದು. ದೇವರ ಹೆಸರಿನಲ್ಲಿ ದುಡಿಮೆಯನ್ನು ನಿಲ್ಲಿಸುವ ಕಲ್ಪನೆಯೇನೂ ಹೊಸದಲ್ಲ. ಹೊಸದಾದುದು, ಕೇರಿಯ ಇತರ ಮಗ್ಗಗಳ ಸದ್ದಿನ ನಡುವೆ ತನ್ನದೊಂದೇ ಮೌನವಾಗಿರಬೇಕಾದ ಸ್ಥಿತಿ. ಆಜ್ಞಾಪಾಲನೆಯು ಇಲ್ಲಿ ಎಲ್ಲರಿಗೂ ಕೇಳಿಸುವಂತಹುದಾಯಿತು. ಸಾಹುಕಾರನಿಗೂ, ನೆರೆಯವನಿಗೂ, ಹೊರಗುಳಿದ ಅಣ್ಣತಮ್ಮಂದಿರಿಗೂ. ಕ್ರೈಸ್ತನಾದ ನೇಕಾರನು ತಾನು ಯಾರ ಆಳೆಂಬುದನ್ನು ವಾರಕ್ಕೊಮ್ಮೆ ನಷ್ಟವನ್ನು ತೆತ್ತು ತೋರಿಸಬೇಕಾಗಿತ್ತೆಂಬುದನ್ನು ನೆನೆದಾಗ, ಆ ಹೆಸರಿಲ್ಲದ ಜನರ ವಿಷಯದಲ್ಲಿ ನನಗೆ ಗೌರವವುಂಟಾಗುತ್ತದೆ.

1876-78ರ ಮಹಾಕ್ಷಾಮವು ಕಲಾದಗಿ ಜಿಲ್ಲೆಯ ಮೇಲೆ ಎರಗಿದ ರೀತಿಯು ಘೋರ. 1872ರ ಜನಗಣತಿಯಿಂದ 1881ರ ಜನಗಣತಿಯ ವೇಳೆಗೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತು. ಬರಗಾಲದಲ್ಲಿ ಸಭೆಯ ಆಶ್ರಯಕ್ಕೆ ಬಂದವರನ್ನು ಕೂಳಿಗಾಗಿ ಬಂದವರೆಂದು ಅಂದೂ ಇಂದೂ ಹಳಿಯುವವರುಂಟು. ಹಸಿದವನು ಅನ್ನವಿಟ್ಟ ಕೈಯಲ್ಲಿ ದೇವರನ್ನು ಕಂಡರೆ ಅದನ್ನು ಕೃತಕವೆಂದು ನಿರ್ಣಯಿಸುವ ಅಧಿಕಾರ ಉಂಡವರಿಗಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೂ ಒಂದು ತೊಡಕು ಇಲ್ಲಿಂದ ಬಿಗಿಯಾಯಿತೆಂಬುದನ್ನು ಮರೆಮಾಚಲಾಗದು: ಅನ್ನ, ಶಾಲೆ, ದುಡಿಮೆ, ಪ್ರಭುಭೋಜನ ಎಲ್ಲವೂ ಒಬ್ಬನೇ ಮಿಶನರಿಯ ಕೈಯಲ್ಲಿದ್ದಾಗ, ದೇವರ ಆಜ್ಞೆ ಯಾವುದು, ದೊರೆಯ ಆಜ್ಞೆ ಯಾವುದು ಎಂಬ ವಿವೇಚನೆ ಬಡ ವಿಶ್ವಾಸಿಗೆ ಸುಲಭಸಾಧ್ಯವಾಗಿರಲಿಲ್ಲ.

ಈ ತೊಡಕಿಗೆ ಮಿಶನರಿಗಳೇ ಹೊರತಾಗಿರಲಿಲ್ಲವೆಂಬುದನ್ನು ನಾವು ಅಪರೂಪವಾಗಿ ನೆನೆಯುತ್ತೇವೆ. ಬಾಸೆಲಿನ ಆಡಳಿತ ಸಮಿತಿಯ ಅನುಮತಿಯಿಲ್ಲದೆ ಅವರು ವಿವಾಹವಾಗುವಂತಿರಲಿಲ್ಲ. ಅನೇಕರಿಗೆ ವಧುವನ್ನೂ ಸಮಿತಿಯವರೇ ಸಮುದ್ರದಾಚೆಯಿಂದ ಗೊತ್ತುಮಾಡಿ ಕಳುಹಿಸುತ್ತಿದ್ದರು. ಯಾವ ಊರಿನಲ್ಲಿರಬೇಕೆಂಬುದೂ ಅವರ ಅಪ್ಪಣೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲರು ಹುಬ್ಬಳ್ಳಿ ಧಾರವಾಡಗಳ ಕಡೆಯಲ್ಲಿ ಕಾಲ್ನಡೆಯಿಂದ ಅಲೆಯುತ್ತ, ಸರಳವಾಗಿ ಬದುಕುತ್ತ, ಕನ್ನಡಿಗರಿಗೆ ಕನ್ನಡಿಗನಾಗಬೇಕೆಂದು ಹವಣಿಸಿದಾಗ ಅದು ಅವರ ಸಹೋದ್ಯೋಗಿಗಳಿಗೆ ಸರಿಬರಲಿಲ್ಲ. ಸಮಿತಿಯೊಡನೆ ಅವರಿಗೆ ಭಿನ್ನಾಭಿಪ್ರಾಯಗಳಿದ್ದವು. ಆದರೂ ಕೊಟ್ಟ ಕೆಲಸವನ್ನು ಬಿಡಲಿಲ್ಲ. 1894ರಲ್ಲಿ ಹೊರಬಂದ ಅವರ ಮಹಾನಿಘಂಟು ಅಂತಹ ಆಜ್ಞಾಧಾರಕತೆಯ ಫಲವೆಂದು ಹೇಳಿದರೆ ಅತ್ಯುಕ್ತಿಯಾಗದು.

ದೇವರ ಅಧಿಕಾರವನ್ನೂ ಸಾಹೇಬನ ಅಧಿಕಾರವನ್ನೂ ಬೇರ್ಪಡಿಸಿದ್ದು ಯಾವ ಧರ್ಮಶಾಸ್ತ್ರವೂ ಅಲ್ಲ, 1914ರ ಮಹಾಯುದ್ಧ. ಜರ್ಮನರು ಶತ್ರುರಾಷ್ಟ್ರದ ಪ್ರಜೆಗಳೆಂದು ಗಣಿಸಲ್ಪಟ್ಟು, ಸೆರೆಯಲ್ಲಿರಿಸಲ್ಪಟ್ಟು, ದೇಶದಿಂದ ಕಳುಹಿಸಲ್ಪಟ್ಟರು. ಆಜ್ಞೆಯಿತ್ತವರು ಹೋದ ಮೇಲೆ ಆಜ್ಞಾಪಾಲನೆಯೂ ಕಳಚಿಬೀಳುವುದು ಸ್ವಾಭಾವಿಕ; ಅದು ಭಯದಿಂದ ಹುಟ್ಟಿದುದಾಗಿದ್ದರೆ ಹಾಗೆಯೇ ಆಗುತ್ತಿತ್ತು. ಆದರೆ ಆಗ ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಈ ಭಾಗದ ಸಭೆಗಳು ಕರಗಿಹೋಗಲಿಲ್ಲ. ದೇಶೀಯ ಸಭಾಪಾಲಕರೂ ಉಪದೇಶಿಗಳೂ ಸಭೆಯ ಹಿರಿಯರೂ ಆರಾಧನೆಯನ್ನೂ ಶಾಲೆಯನ್ನೂ ಶಿಸ್ತನ್ನೂ ನಡೆಸಿಕೊಂಡು ಬಂದರು. ನನ್ನ ಈ ಲೇಖನದ ಪ್ರಧಾನ ಪ್ರತಿಪಾದನೆ ಇದೇ: ಗುಳೇದಗುಡ್ಡದಂತಹ ಊರುಗಳ ವಿಶ್ವಾಸಿಗಳು ಅಷ್ಟುಹೊತ್ತಿಗೆ ಒಡೆಯನನ್ನು ಅವನ ದೂತರಿಂದ ಬೇರೆಯಾಗಿ ಕಾಣಲು ಕಲಿತಿದ್ದರು.

ಆ ಕಲಿಕೆಯು ವಿದ್ವತ್ತಿನಲ್ಲಿ ಮೈದಾಳಿದ ರೂಪವನ್ನು ಉತ್ತಂಗಿ ಚನ್ನಪ್ಪನವರಲ್ಲಿ (1881-1962) ನೋಡಬಹುದು. ಇದೇ ಮಿಶನ್ನಿನ ಸಭಾಪಾಲಕರಾಗಿದ್ದ ಅವರು, ಊರೂರು ಅಲೆದು ಕೂಡಿಸಿದ ಸರ್ವಜ್ಞನ ವಚನಗಳನ್ನು 1924ರಲ್ಲಿ ಪ್ರಕಟಿಸಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಶೋಧಿಸಿ, 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. ಕ್ರಿಸ್ತನ ಆಜ್ಞೆಗೆ ಯಾವಜ್ಜೀವವೂ ಒಳಪಟ್ಟವನಿಗೆ ಶರಣರ ಮಾತಿಗೆ ಕಿವಿಗೊಡುವುದು ಅವಿಧೇಯತೆಯಲ್ಲವೆಂದು ಅವರು ತಮ್ಮ ಬದುಕಿನಿಂದಲೇ ಸಾಧಿಸಿದರು. ಗುಳೇದಗುಡ್ಡದ ಸಭೆಯು ಈಗ ಧಾರವಾಡದಲ್ಲಿ ಕೇಂದ್ರವುಳ್ಳ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿದೆ. ಅದರ ಸಭಾಪಾಲಕರೂ ಹಿರಿಯರೂ ಈ ನಾಡಿನವರೇ.