ಗಡಿಯಾರದ ಸದ್ದು ಕೇಳಿಸುವ ತನಕ

1958ರಲ್ಲಿ ಡೇವಿಡ್ ಓಗಿಲ್ವಿ ಅನ್ನೋ ಜಾಹೀರಾತು ಬರಹಗಾರ ರೋಲ್ಸ್-ರಾಯ್ಸ್ ಕಾರಿಗೆ ಒಂದು ಜಾಹೀರಾತು ಬರೆದ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಓಡ್ತಾ ಇದ್ದಾಗಲೂ ಈ ಕಾರೊಳಗೆ ಕೇಳಿಸೋ ಅತಿ ದೊಡ್ಡ ಸದ್ದು ಅಂದ್ರೆ ಅದರ ಎಲೆಕ್ಟ್ರಿಕ್ ಗಡಿಯಾರದ್ದು ಅನ್ನೋದು ಅದರ ತಾತ್ಪರ್ಯ. ಜಾಹೀರಾತು ಕಲಿಯೋ ಹುಡುಗರಿಗೆ ಇವತ್ತಿಗೂ ಇದೊಂದು ಪಾಠ. ಮಜಾ ಏನಂದ್ರೆ 1933ರಲ್ಲೇ ಪಿಯರ್ಸ್-ಆರೋ ಅನ್ನೋ ಅಮೆರಿಕನ್ ಕಾರಿನವರು ಹೆಚ್ಚುಕಡಿಮೆ ಇದೇ ಮಾತು ಹೇಳಿ ಆಗಿತ್ತು! ಓಗಿಲ್ವಿ ಹೇಳಿಕೊಂಡಿರೋ ಕಥೆ ಇನ್ನೂ ಚೆನ್ನಾಗಿದೆ. ಈ ಸಾಲನ್ನು ಓದಿದ ಕಂಪನಿಯ ಹಿರಿಯ ಇಂಜಿನಿಯರೊಬ್ಬರು ಬೇಸರದಿಂದ ತಲೆ ಅಲ್ಲಾಡಿಸಿ, ಆ ಹಾಳು ಗಡಿಯಾರಕ್ಕೆ ಏನಾದ್ರೂ ಮಾಡ್ಲೇಬೇಕು ಅಂದರಂತೆ.

ನಗು ಬರುತ್ತೆ ನಿಜ. ಆದ್ರೆ ಕಾರಿನೊಳಗಿನ ಸದ್ದಿನ ನೂರು ವರ್ಷದ ಇತಿಹಾಸವೆಲ್ಲ ಆ ಇಂಜಿನಿಯರ ಮಾತಿನಲ್ಲೇ ಇದೆ ಅಂತ ನನಗನ್ನಿಸುತ್ತೆ. ಒಂದು ಸದ್ದನ್ನು ಅಡಗಿಸಿದ ತಕ್ಷಣ, ಅದುವರೆಗೆ ಅದರ ಹಿಂದೆ ಅಡಗಿ ಕೂತಿದ್ದ ಇನ್ನೊಂದು ಸದ್ದು ಎದ್ದು ಬರುತ್ತೆ. ನಮ್ಮ ಸಾಫ್ಟ್‌ವೇರ್ ಜನರಿಗೆ ಇದು ಗೊತ್ತಿರೋದೇ. ಪ್ರೋಗ್ರಾಮಿನ ಅತಿ ನಿಧಾನದ ಭಾಗವನ್ನು ಸರಿ ಮಾಡಿದರೆ, ಎರಡನೇ ಅತಿ ನಿಧಾನದ ಭಾಗ ಮೊದಲ ಸ್ಥಾನಕ್ಕೆ ಬಡ್ತಿ ಪಡೆಯುತ್ತೆ :-)

ಮೊದಮೊದಲು ಕಾರಿನೊಳಗಿನ ಸದ್ದು ಅನ್ನೋ ಪ್ರಶ್ನೆಯೇ ಇರಲಿಲ್ಲ, ಯಾಕಂದ್ರೆ ಹೆಚ್ಚಿನ ಕಾರುಗಳಿಗೆ 'ಒಳಗೆ' ಅನ್ನೋದೇ ಇರಲಿಲ್ಲ. ಮೇಲೆ ಬಟ್ಟೆಯ ಮಾಡು, ಸುತ್ತ ಗಾಳಿ. ಎಂಜಿನ್ ಗದ್ದಲವೊಂದೇ ಚಿಂತೆ. 1904ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಜಿನ್ನಿನ ನಡುಕವನ್ನು ಎದುರು ನಡುಕದಿಂದ ಅಳಿಸುವ ಬ್ಯಾಲೆನ್ಸ್ ಶಾಫ್ಟಿಗೆ ಪೇಟೆಂಟ್ ಪಡೆದ. (ಎಪ್ಪತ್ತು ವರ್ಷ ಕಳೆದ ಮೇಲೆ, 1975ರಲ್ಲಿ, ಜಪಾನಿನ ಮಿತ್ಸುಬಿಷಿ ಅದೇ ಯೋಚನೆಯನ್ನು 'ಸೈಲೆಂಟ್ ಶಾಫ್ಟ್' ಅಂತ ಮತ್ತೆ ಬಳಕೆಗೆ ತಂತು.) 1907ರಲ್ಲಿ ರೋಲ್ಸ್-ರಾಯ್ಸ್ ತನ್ನ ಆರು ಸಿಲಿಂಡರಿನ ಕಾರೊಂದಕ್ಕೆ ಬೆಳ್ಳಿ ಬಣ್ಣ ಬಳಿದು 'ಸಿಲ್ವರ್ ಘೋಸ್ಟ್' ಅಂತ ಹೆಸರಿಟ್ಟು 15,000 ಮೈಲಿ ಓಡಿಸಿ ತೋರಿಸಿತು. ದೆವ್ವದ ಹಾಗೆ ಸದ್ದಿಲ್ಲದೆ ಬರುತ್ತೆ ಅನ್ನೋದೇ ಆ ಹೆಸರಿನ ಅರ್ಥ. ಹೀಗೆ ನಿಶ್ಶಬ್ದ ಅನ್ನೋದು ಮಾರಾಟದ ಸರಕಾಯಿತು, ಅದೂ ಶ್ರೀಮಂತರ ಸರಕು.

ನಿಜವಾದ ತಲೆನೋವು ಶುರುವಾಗಿದ್ದು ಕಾರಿಗೆ ಗೋಡೆ, ಮಾಡು ಬಂದ ಮೇಲೆ. ಅಮೆರಿಕದಲ್ಲಿ 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ಮುಚ್ಚಿದ ಕಾರುಗಳು ಶೇಕಡಾ 10ರಷ್ಟು. 1927ರ ಹೊತ್ತಿಗೆ ಶೇಕಡಾ 85! ಬರೀ ಎಂಟೇ ವರ್ಷದಲ್ಲಿ ಜನ ಬಿಸಿಲು ಮಳೆಯಿಂದ ಪಾರಾಗಿ ಒಂದು ತಗಡಿನ ಡಬ್ಬದೊಳಗೆ ಹೊಕ್ಕರು. ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ್ರೆ ಹೇಗಿರುತ್ತೋ ಹಾಗೆ. ಮರದ ಚೌಕಟ್ಟು ಕಿರುಗುಟ್ಟುತ್ತೆ, ತಗಡು ಡಮರುಗ ಬಾರಿಸುತ್ತೆ.

ಇದಕ್ಕೆ ಆಗ ಬಂದ ಒಂದು ಪರಿಹಾರ ನನಗೆ ತುಂಬಾ ಇಷ್ಟ. ಚಾರ್ಲ್ಸ್ ವೇಮನ್ ಅನ್ನೋ ವಿಮಾನ ಹಾರಿಸುತ್ತಿದ್ದ ಮನುಷ್ಯ 1920ರ ದಶಕದಲ್ಲಿ ಮಾಡಿದ್ದು ಅದು. ಮರಕ್ಕೆ ಮರ ತಾಗಿದರೆ ತಾನೇ ಕಿರುಗುಟ್ಟೋದು? ಹಾಗಾಗಿ ಮರದ ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು ಲೋಹದ ಪಟ್ಟಿಗಳಿಂದ ಜೋಡಿಸಿದ. ಹೊರಗೆ ತಗಡಿನ ಬದಲು ಚರ್ಮದಂಥ ಬಟ್ಟೆ ಹೊದಿಸಿದ. ಕಾರಿನ ಮೈ ಬಳುಕುತ್ತಿತ್ತು, ಕೂಗುತ್ತಿರಲಿಲ್ಲ. ಹಗುರ ಬೇರೆ. ಯುರೋಪಿನ ದೊಡ್ಡ ದೊಡ್ಡ ಕಾರುಗಳಿಗೆಲ್ಲ ಇದೇ ಮೈ ಬಂತು. ಆದರೆ ಬಟ್ಟೆಗೆ ಹೊಳಪಿಲ್ಲ, ಬಾಳಿಕೆ ಕಡಿಮೆ, ಮೇಲಾಗಿ ಅದು ಕೈಕೆಲಸ. ಕಾರ್ಖಾನೆಗೆ ಬೇಕಾಗಿದ್ದು ದೋಸೆ ಹುಯ್ದ ಹಾಗೆ ಒಂದರ ಹಿಂದೆ ಒಂದು ಅಚ್ಚೊತ್ತಬಹುದಾದ ಉಕ್ಕು. 1935ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ 'ಟರೆಟ್ ಟಾಪ್' ಅಂತ ಒಂದೇ ಉಕ್ಕಿನ ಹಾಳೆಯ ಮಾಡು ತಂತು. ಅದಕ್ಕೂ ಮುಂಚೆ ಮಾಡಿನ ನಡುಭಾಗಕ್ಕೆ ಬಟ್ಟೆಯೇ ಗತಿ. ಅಷ್ಟು ಅಗಲದ ಹಾಳೆ ಸಿಗದೇ ಇದ್ದದ್ದು ಒಂದು ಕಾರಣ, ಅಷ್ಟು ದೊಡ್ಡ ತಗಡು ನಗಾರಿಯಂತೆ ಬಡಿದುಕೊಳ್ಳುತ್ತೆ ಅನ್ನೋ ಭಯ ಇನ್ನೊಂದು.

ಸರಿ, ನಗಾರಿಯ ಬಾಯಿ ಮುಚ್ಚಿಸೋದು ಹೇಗೆ? ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದು ಠಣಾರ್ ಅಂದಾಗ ಅಮ್ಮ ಏನು ಮಾಡ್ತಾರೆ? ಬೆರಳು ಒತ್ತುತ್ತಾರೆ, ಸದ್ದು ನಿಲ್ಲುತ್ತೆ. ಕಾರಿನ ತಗಡಿಗೂ ಅಂಥದ್ದೊಂದು ಬೆರಳು ಬೇಕು. ಟಾರಿನಲ್ಲಿ ನೆನೆಸಿದ ಫೆಲ್ಟು, ಆಮೇಲೆ ಡಾಂಬರಿನ ಹಾಳೆ, ಇವೇ ಆ ಬೆರಳುಗಳಾದವು. ಭಾರ ಹೆಚ್ಚಿಸಿದ್ರೆ ಸದ್ದು ಕಮ್ಮಿ ಅನ್ನೋ ಮೋಟು ಲೆಕ್ಕವೂ ಸುಳ್ಳಲ್ಲ. ಗೋಡೆಯ ತೂಕ ಎರಡು ಪಟ್ಟು ಮಾಡಿದ್ರೆ ಅದನ್ನು ದಾಟಿ ಬರೋ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಆದ್ರೆ ಇನ್ನೊಂದು 6 ಬೇಕು ಅಂದ್ರೆ ಮತ್ತೆ ಎರಡು ಪಟ್ಟು. ಹೀಗೇ ಹೋದ್ರೆ ಕಾರಿನ ಬದಲು ರೋಡ್ ರೋಲರ್ ಆಗುತ್ತೆ.

ಬರೀ ಭಾರವೇ ಬೇರೆ, ಕಂಪನವನ್ನು ತಿನ್ನೋ ಗುಣವೇ ಬೇರೆ. ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತುತ್ತಾರಲ್ಲ, ಅಲ್ಲಿ ಮುಖ್ಯವಾಗಿ ಕೆಲಸ ಮಾಡೋದು ಭಾರ. ಶ್ರುತಿ ಕೆಳಗಿಳಿಯುತ್ತೆ, ನಾದ ಸಾಯಲ್ಲ. ಕಾರಿಗೆ ಬೇಕಾಗಿದ್ದು ನಾದವನ್ನೇ ಸಾಯಿಸೋದು, ಅಂದ್ರೆ ಕಂಪನದ ಶಕ್ತಿಯನ್ನು ತನ್ನೊಳಗೇ ಉಜ್ಜಿಕೊಂಡು ಬಿಸಿಯಾಗಿ ಬದಲಾಯಿಸೋ ಅಂಟು ಪದಾರ್ಥ. 1952ರಲ್ಲಿ ಜರ್ಮನಿಯ ಹರ್ಮನ್ ಓಬರ್ಸ್ಟ್ ತೆಳು ತಗಡಿನ ಮೇಲೆ ಇಂಥ ಲೇಪ ಹಚ್ಚಿದರೆ ಎಷ್ಟು ಕಂಪನ ಕರಗುತ್ತೆ ಅನ್ನೋದಕ್ಕೆ ಲೆಕ್ಕ ಕೊಟ್ಟರು. ಲೇಪದ ದಪ್ಪ ಎರಡು ಪಟ್ಟಾದರೆ ಪರಿಣಾಮ ಸುಮಾರು ನಾಲ್ಕು ಪಟ್ಟು. ಒಂದು ಲೋಹದ ಪಟ್ಟಿಗೆ ಲೇಪ ಹಚ್ಚಿ, ಕಂಪಿಸಿ ಅಳೆಯೋ ಪರೀಕ್ಷೆಗೆ ಇವತ್ತಿಗೂ ಅವರದೇ ಹೆಸರು.

ಮುಂದಿನ ಹೆಜ್ಜೆ ಅಮೆರಿಕದ್ದು. 1959ರಲ್ಲಿ ಎಡ್ವರ್ಡ್ ಕರ್ವಿನ್ ಒಂದು ಪ್ರಬಂಧ ಬರೆದರು. ಅಂಟಿನ ಮೇಲೆ ಇನ್ನೊಂದು ತೆಳು ಲೋಹದ ಹಾಳೆ ಹಾಕಿದರೆ ಏನಾಗುತ್ತೆ? ಕ್ರೀಮ್ ಬಿಸ್ಕೆಟ್ ನೆನಪು ಮಾಡ್ಕೊಳ್ಳಿ. ಕೆಳಗಿನ ತಗಡು ಬಾಗಿದಾಗ ಮೇಲಿನ ಹಾಳೆ ಅಷ್ಟೇ ಬಾಗಲು ಒಪ್ಪಲ್ಲ, ನಡುವಿನ ಕ್ರೀಮು ಅತ್ತಿತ್ತ ಜಗ್ಗಿ ಬಿಸಿಯಾಗುತ್ತೆ. ಕಡಿಮೆ ತೂಕದಲ್ಲಿ ಹೆಚ್ಚು ಕೆಲಸ. ಇವತ್ತು ಕಾರ್ ಅಂಗಡಿಯಲ್ಲಿ ಸಿಗೋ ಅಲ್ಯೂಮಿನಿಯಂ ಹಾಳೆ ಮೆತ್ತಿದ ಬ್ಯುಟೈಲ್ ರಬ್ಬರಿನ ಪಟ್ಟಿಗಳು, ಡೈನಮ್ಯಾಟ್ ಮತ್ತು ಅದರ ಬಂಧುಬಳಗ, ಎಲ್ಲದರ ಹಿಂದೆ ಇರೋದು ಈ ತತ್ವವೇ. ಬಾಗಿಲಿನ ಪೂರ್ತಿ ತಗಡಿಗೆ ಅಂಟಿಸಬೇಕಾಗಿಯೂ ಇಲ್ಲ. ತಗಡು ಹೆಚ್ಚು ಕುಣಿಯೋ ನಡುಭಾಗಕ್ಕೆ ಹಾಕಿದರೂ ಗುಣ ಕಾಣುತ್ತೆ.

ಈ ಕರ್ವಿನ್ ಕೆಲಸ ಮಾಡ್ತಿದ್ದದ್ದು ಮ್ಯಾಸಚೂಸೆಟ್ಸಿನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಅನ್ನೋ ಸಂಸ್ಥೆಯಲ್ಲಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1948ರಲ್ಲಿ ಎಂಐಟಿಯ ಶಬ್ದವಿಜ್ಞಾನದ ಮೇಷ್ಟರುಗಳು ಕಟ್ಟಿದ ಸಂಸ್ಥೆ ಇದು. 1969ರಲ್ಲಿ ಅಂತರ್ಜಾಲದ ಪೂರ್ವಜ ಆರ್ಪಾನೆಟ್ಟಿಗೆ ಮೊದಲ ಸ್ವಿಚ್ಚುಗಳನ್ನು ಕಟ್ಟಿಕೊಟ್ಟಿದ್ದೂ ಇದೇ ಸಂಸ್ಥೆ. 1971ರಲ್ಲಿ @ ಚಿಹ್ನೆ ಹಾಕಿ ಮೊದಲ ಈಮೇಲ್ ಕಳಿಸಿದ ರೇ ಟಾಮ್ಲಿನ್ಸನ್ ಕೂಡ ಅಲ್ಲಿಯವರೇ. ಕಾರಿನ ಬಾಗಿಲ ಸದ್ದಿಗೂ ಈ ಬರಹ ನಿಮ್ಮನ್ನು ತಲುಪಿದ ದಾರಿಗೂ ಹೀಗೊಂದು ನಂಟು!

ಹಾಗಂತ ಅಂಟಿಸೋದೇ ಎಲ್ಲದಕ್ಕೂ ಮದ್ದಲ್ಲ. ಬಾಗಿಲಿಗೆ ಅಂಟಿಸಿದ ಪಟ್ಟಿ ಟೈರಿನ ಮೊರೆತವನ್ನೋ ಗಾಳಿಯ ಸಿಳ್ಳನ್ನೋ ಹುಟ್ಟುವಲ್ಲೇ ನಿಲ್ಲಿಸಲಾರದು. 1931ರಲ್ಲಿ ಪ್ಲಿಮತ್ ಕಾರು 'ಫ್ಲೋಟಿಂಗ್ ಪವರ್' ಅಂತ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿದಾಗಲೇ ನಡುಕ ಹುಟ್ಟುವ ಜಾಗದಲ್ಲೇ ತಡೆಯಿರಿ ಅನ್ನೋ ಪಾಠ ಸಿಕ್ಕಿತ್ತು. 1989ರಲ್ಲಿ ಬಂದ ಲೆಕ್ಸಸ್ ಎಲ್ಎಸ್ 400 ಕಾರಿನ ಮುಖ್ಯ ಇಂಜಿನಿಯರ್ ಇಚಿರೋ ಸುಜುಕಿ ಅದನ್ನೇ ವ್ರತದಂತೆ ಹಿಡಿದರು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಒಳಗೆ 58 ಡೆಸಿಬೆಲ್ ಅವರ ಗುರಿ. ಎಂಜಿನ್ ಭಾಗಗಳ ಅಳತೆ ಇನ್ನಷ್ಟು ಬಿಗಿ ಮಾಡಿದರು, ಗಾಳಿ ಸೀಳುವ ಮೈ ನುಣುಪು ಮಾಡಿದರು. ಮೂರು ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧಕ್ಕೆ ಇಳಿದಂತೆ. ಹಾಗಾಗಿ ಪ್ರತಿಯೊಂದು ಡೆಸಿಬೆಲ್ಲಿಗೂ ಬೆವರು ಸುರಿಸಬೇಕು.

ಈಗ ಎಲೆಕ್ಟ್ರಿಕ್ ಕಾರುಗಳ ಕಾಲ. ಎಂಜಿನ್ನಿನ ಗದ್ದಲವೇ ಹೋಯಿತು. ನೆಮ್ಮದಿಯಾ? ಇಲ್ಲ, ಟೈರು, ಗಾಳಿ, ಯಾವುದೋ ಪ್ಲಾಸ್ಟಿಕ್ಕಿನ ಕಿರಿಕಿರಿ ಎಲ್ಲ ಮೇಲೆದ್ದು ಬಂದವು. ಈಗ ಟೈರಿನೊಳಗೇ ಸ್ಪಂಜು ಅಂಟಿಸ್ತಾರೆ. ಅದೇ ಹೊತ್ತಿಗೆ ಹೊರಗೆ ತದ್ವಿರುದ್ಧ ಸಮಸ್ಯೆ: ನಿಧಾನವಾಗಿ ಬರೋ ಕಾರು ದಾರಿಹೋಕರಿಗೆ, ಅದರಲ್ಲೂ ಕಣ್ಣು ಕಾಣದವರಿಗೆ, ಗೊತ್ತೇ ಆಗಲ್ಲ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ಹುಟ್ಟಿದ ಪುಟಾಣಿ ರೇವಾ, ಲಂಡನ್ನಿನಲ್ಲಿ ಜಿ-ವಿಜ್ ಅಂತ ಓಡಾಡಿದ್ದು, ಇಂಥ ಕಾರುಗಳ ಮೊದಮೊದಲ ಪೀಳಿಗೆಯದ್ದು. ಕೊನೆಗೆ ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳಿಗೆ, 2021ರ ಜುಲೈನಿಂದ ಹೊಸದಾಗಿ ಮಾರೋ ಎಲ್ಲ ಎಲೆಕ್ಟ್ರಿಕ್ ಕಾರುಗಳಿಗೆ, ನಿಧಾನವಾಗಿ ಹೋಗುವಾಗ ಬೇಕೆಂದೇ ಸದ್ದು ಮಾಡೋ ಉಪಕರಣ ಕಡ್ಡಾಯವಾಯಿತು. ಸಿಲ್ವರ್ ಘೋಸ್ಟ್ ಕಾಲದಿಂದ ಬೆವರು ಸುರಿಸಿ ಓಡಿಸಿದ ಸದ್ದನ್ನು ಸ್ಪೀಕರ್ ಇಟ್ಟು ವಾಪಸ್ ಕರೆದ ಹಾಗಾಯ್ತು!

ಈ ಇತಿಹಾಸ ಓದ್ತಾ ಒಂದು ವಿಷಯ ಮಾತ್ರ ಕೊರೆಯುತ್ತೆ. ಇಷ್ಟು ಜಾಣತನದಲ್ಲಿ ಹೆಚ್ಚಿನ ಪಾಲು ಖರ್ಚಾಗಿದ್ದು ಕಾರಿನ ಒಳಗೆ ಕೂತವರಿಗಾಗಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದ ಪ್ರಕಾರ ವಾಹನ ಸಂಚಾರದ ಸದ್ದಿನಿಂದ ಪಶ್ಚಿಮ ಯುರೋಪಿನಲ್ಲಿ ವರ್ಷಕ್ಕೆ ಕನಿಷ್ಠ ಹತ್ತು ಲಕ್ಷ ಆರೋಗ್ಯಕರ ಜೀವನದ ವರ್ಷಗಳು ನಷ್ಟವಾಗ್ತಿದ್ದವು. ಅದು ರಸ್ತೆಯ ಪಕ್ಕ ಮಲಗೋ ಜನರ ನಿದ್ದೆ, ಅವರ ಹೃದಯ. ಅಷ್ಟು ಕಾನೂನು, ಅಷ್ಟು ಒಳ್ಳೆ ರಸ್ತೆ ಇರೋ ಕಡೆ ಹೀಗೆ! ಇನ್ನು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಡೀ ದಿನ ನಿಲ್ಲೋ ಟ್ರಾಫಿಕ್ ಪೊಲೀಸಿನವರಿಗೆ, ಬಾಗಿಲೇ ಇಲ್ಲದ ಆಟೋ ಓಡಿಸೋರಿಗೆ ಯಾವ ಪಟ್ಟಿ ಅಂಟಿಸೋಣ? ಕಿಟಕಿ ಏರಿಸಿ ಹಾರ್ನ್ ಒತ್ತುವವರಿಗೆ ತಮ್ಮದೇ ಹಾರ್ನ್ ಪೂರ್ತಿ ಕೇಳಿಸಲ್ಲ, ಪೂರ್ತಿ ಕೇಳಿಸೋದು ಹೊರಗಿನವರಿಗೆ.

ಆದ್ರೆ ಸುಜುಕಿ ಹಿಡಿದ ದಾರಿ ಇಲ್ಲೂ ನಡೆಯುತ್ತೆ. ವೇಗ ಸ್ವಲ್ಪ ಹೆಚ್ಚಿದರೆ ರಸ್ತೆಯಲ್ಲಿ ಕೇಳಿಸೋ ಕಾರಿನ ಸದ್ದಿನಲ್ಲಿ ಟೈರಿನದ್ದೇ ದೊಡ್ಡ ಪಾಲು. ಟೈರು, ರಸ್ತೆಯ ಮೇಲ್ಮೈ, ವೇಗ, ಹಾರ್ನಿನ ಅಭ್ಯಾಸ, ಇವುಗಳಲ್ಲಿ ಯಾವುದನ್ನು ತಗ್ಗಿಸಿದರೂ ಒಳಗಿನವರಿಗೂ ಹೊರಗಿನವರಿಗೂ ಒಟ್ಟಿಗೇ ಲಾಭ. ಬಾಗಿಲಿಗೆ ಮೆತ್ತಿದ ರಬ್ಬರಿನಿಂದ ಮಾತ್ರ ಹೊರಗಿನವರಿಗೆ ಏನೂ ಸಿಗಲ್ಲ. ಕಾರೊಳಗೆ ಗಡಿಯಾರದ ಸದ್ದು ಕೇಳಿಸೋ ದಿನ ಯಾವತ್ತೋ ಬಂದಾಯ್ತು, ಬೀದಿಯಲ್ಲಿ ನಡೆಯುವವರಿಗೆ ಪಕ್ಕದವರ ಮಾತು ಕೇಳಿಸೋ ದಿನ ಇನ್ನೂ ಬರಬೇಕು.