ಊರಿಗೆ ಬರುವ ಗುಡ್ಡ

‘ನಮ್ಮೂರಿಗೆ ದೇವರಗುಡ್ಡ ಬಂದಿದ್ದ’ ಎಂದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರು ಹೇಳಿದರೆ ಉತ್ತರ ಕರ್ನಾಟಕದವರಿಗೆ ಗಲಿಬಿಲಿಯಾದೀತು. ಗುಡ್ಡ ಊರಿಗೆ ಬರುವುದುಂಟೆ? ಅವರಿಗೆ ದೇವರಗುಡ್ಡವೆಂದರೆ ರಾಣೆಬೆನ್ನೂರು ತಾಲ್ಲೂಕಿನ ಮಾಲತೇಶನ ಕ್ಷೇತ್ರ. ಇಲ್ಲಿ ಅದು ಮನುಷ್ಯ: ಗುರುವಿನಿಂದ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಮಲೆ ಮಹದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುವವನು.

ಬೆಟ್ಟದ ದೇವರನ್ನು ಹಾಡುವವನಾದ್ದರಿಂದ ಗುಡ್ಡ ಎಂಬ ಹೆಸರು ಬಂತು ಎಂದು ಅರ್ಥ ಹಚ್ಚುವುದು ಸುಲಭ. ಆದರೆ ಈ ಸೀಮೆಯ ಆಡುಮಾತಿನಲ್ಲಿ ಎತ್ತರದ ನೆಲಕ್ಕೆ ಬೆಟ್ಟ ಎನ್ನುವುದೇ ರೂಢಿ. ಬಿಳಿಗಿರಿರಂಗನದೂ ಬೆಟ್ಟ, ಮಾದಪ್ಪನದೂ ಬೆಟ್ಟ. ಹಾಡುಗಾರನ ಗುಡ್ಡ ಬೇರೆಯದೇ ಮಾತು. ಹಳೆಯ ಕನ್ನಡದಲ್ಲಿ ಗುಡ್ಡ ಎಂದರೆ ಶಿಷ್ಯ. ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ಶುಭಚಂದ್ರ ಸಿದ್ಧಾಂತದೇವರ ಗುಡ್ಡ. 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ ರಾಣಿ ಶಾಂತಲೆ ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ.

ಜೈನ ಗುರುಗಳ ಮುಂದೆ ರಾಣಿಗೂ ದಂಡನಾಯಕನಿಗೂ ಸಂದ ಈ ಮಾತು ಇಂದಿನ ಬರಹದಿಂದ ಬಹುಮಟ್ಟಿಗೆ ಮರೆಯಾಗಿದೆ. ಜೋಳಿಗೆ ಹೊತ್ತು ಮನೆಮನೆಗೆ ಹೋಗುವ ಶಿವಭಕ್ತನಿಗೆ ಅದು ಇನ್ನೂ ಅಂಟಿಕೊಂಡಿದೆ. ಜನಪದರ ಮಾತೆಲ್ಲ ಅಪಭ್ರಂಶ ಎನ್ನುವವರು ಇದನ್ನು ಗಮನಿಸಬೇಕು! 1956ರವರೆಗೆ ಕೊಳ್ಳೇಗಾಲ, ಹನೂರು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು, ಯಳಂದೂರು ಮೈಸೂರಿನಲ್ಲಿತ್ತು. ಗಡಿಯ ಎರಡೂ ಕಡೆ ಈ ಮಾತು ಬಾಳಿತು.

ಒಂದು ಎಚ್ಚರಿಕೆ: ಚಿಕ್ಕಲ್ಲೂರು ಜಾತ್ರೆಯಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿಯನ್ನು ಹಾಡುವವರನ್ನು ಗುಡ್ಡರೆಂದು ಕರೆಯಬಾರದು. ಅವರು ನೀಲಗಾರರು.